ಡ್ರಮ್ಮು ನಿಮ್ಮದು, ಲಾರಿ ಅವರದು, ಕಟ್ಟು ಯಾರದು?

(ತುಮಕೂರಿನಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರು, ಲಾರಿ ಮಾಲೀಕರು ಮತ್ತು ಚಾಲಕರು ಸೇರಿದ್ದ ಸಭೆಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇವೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇವೆ.)

ಯಾವುದಾದರೂ ಕಾರ್ಖಾನೆಯ ಡಿಸ್ಪ್ಯಾಚ್‌ನವರನ್ನು ಕೇಳಿ, ಲೋಡು ಕಟ್ಟುವುದು ಯಾರ ಕೆಲಸ ಅಂತ. "ಡ್ರೈವರ್‌ದು ಸಾರ್, ನಾವು ಹತ್ತಿಸಿ ಕೊಟ್ಟುಬಿಡ್ತೀವಿ" ಅನ್ನುತ್ತಾರೆ. ಡ್ರೈವರನ್ನು ಕೇಳಿ. "ಹತ್ತಿಸಿದೋರು ಕಂಪನಿಯೋರು, ನಾನು ಟಾರ್ಪಲ್ ಮುಚ್ಚಿ ಹಗ್ಗ ಎಳೀತೀನಿ ಅಷ್ಟೆ." ಹಮಾಲರಿಗೆ ಕೂಲಿ ಲೆಕ್ಕ ಡ್ರಮ್ಮಿಗೆ ಇಷ್ಟು ಅಂತ. ಕಟ್ಟಿಗೆ ಬೇರೆ ಕೂಲಿ ಇಲ್ಲ. ಲಾರಿ ಆಫೀಸಿನವರಂತೂ ಮಾಲು ಕಣ್ಣಲ್ಲೂ ನೋಡಿರುವುದಿಲ್ಲ, ಫೋನಿನಲ್ಲೇ ಗಾಡಿ ಹೊಂದಿಸಿರುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಬಾಡಿಗೆ ಬಿಲ್ಲನ್ನು ತೆಗೆದು ನೋಡಿದರೆ ಡೀಸೆಲ್ ಇದೆ, ಟೋಲ್ ಇದೆ, ಹಮಾಲಿ ಇದೆ, ಹಾಲ್ಟಿಂಗ್ ಇದೆ. ಬೆಲ್ಟು, ಬೆಣೆ, ರಬ್ಬರ್ ಮ್ಯಾಟು ಯಾರ ಖರ್ಚಿನಲ್ಲೂ ಇಲ್ಲ. ಖರ್ಚು ಯಾರ ಖಾತೆಯಲ್ಲೂ ಇಲ್ಲದ ಕೆಲಸ ಯಾರ ಕೈಯಿಂದಲೂ ಆಗುವುದಿಲ್ಲ.

ತುಮಕೂರು ಈ ವಿಷಯ ಮಾತಾಡಲು ತಕ್ಕ ಊರು. ಗುಜರಾತ್, ಮುಂಬೈ ಕಡೆಯಿಂದ ಬೆಂಗಳೂರಿಗೆ ಬರುವ ಸಾಲ್ವೆಂಟು, ಆಸಿಡ್ಡು, ಡೈಗಳೆಲ್ಲ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿ ಕ್ಯಾತ್ಸಂದ್ರ ಟೋಲ್ ಮುಂದೆ ಸಾಲುಗಟ್ಟುತ್ತವೆ. ಮಂಗಳೂರಿನ ಮಾಲು ಹೆದ್ದಾರಿ 75ರಲ್ಲಿ ಕುಣಿಗಲ್ ಮೇಲೆ ಹಾಯುತ್ತದೆ. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಶೆಡ್ಡುಗಳಿಗೆ ದಿನವೂ ಡ್ರಮ್ಮು, ಕ್ಯಾನು, ಸಿಲಿಂಡರು ಬರುತ್ತವೆ, ಹೋಗುತ್ತವೆ. ಪೆಟ್ರೋಲ್, ಎಲ್‌ಪಿಜಿ ಟ್ಯಾಂಕರುಗಳನ್ನು ಇವತ್ತು ಬದಿಗಿಡೋಣ. ಅವುಗಳ ಟ್ಯಾಂಕು ಗಾಡಿಗೇ ಕೂಡಿಕೊಂಡಿರುತ್ತದೆ, ಪರವಾನಗಿ, ತಪಾಸಣೆ ಬೇರೆ. ನಮ್ಮ ಮಾತು ಸಾಮಾನ್ಯ ಲಾರಿಯಲ್ಲಿ ಪ್ಯಾಕಾಗಿ ಹೋಗುವ ಅಪಾಯಕಾರಿ ಸರಕಿನ ಬಗ್ಗೆ. ನಿನ್ನೆ ಈರುಳ್ಳಿ ಹೊತ್ತಿದ್ದ ಗಾಡಿಯಲ್ಲಿ ಇವತ್ತು ನೈಟ್ರಿಕ್ ಆಸಿಡ್ ಹೋಗುತ್ತದಲ್ಲ, ಅದರ ಬಗ್ಗೆ.

ಮೊದಲು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರಲ್ಲಿ 129ರಿಂದ 137ರವರೆಗೆ ಅಪಾಯಕಾರಿ ಸರಕಿನದೇ ಮಾತು. 131 ಸರಕು ಕಳಿಸುವವರ ಹೊಣೆ, 132 ಸಾಗಣೆದಾರ ಅಥವಾ ಗಾಡಿ ಮಾಲೀಕರ ಹೊಣೆ, 133 ಚಾಲಕನ ಹೊಣೆ.

ಕಳಿಸುವವರು ನೋಡಬೇಕಾದ್ದು ನಾಲ್ಕು: ಗಾಡಿಗೆ ಆ ಸರಕು ಸಾಗಿಸಲು ಚಾಲ್ತಿಯಲ್ಲಿರುವ ನೋಂದಣಿ ಇದೆಯೇ; ಪ್ರಥಮ ಚಿಕಿತ್ಸೆ, ಸುರಕ್ಷಾ ಸಾಮಾನು, ಟೂಲ್ ಬಾಕ್ಸ್, ಬೇಕಾದ ಕಡೆ ಪ್ರತಿವಿಷ ಇದೆಯೇ; ಸಾಗಣೆದಾರರಿಗೆ ಸರಕಿನ ಪೂರ್ತಿ ಮಾಹಿತಿ ಸಿಕ್ಕಿದೆಯೇ; ಚಾಲಕನಿಗೆ ತರಬೇತಿ ಆಗಿದೆಯೇ. ನಾಲ್ಕನೆಯದನ್ನು ಇನ್ನೊಮ್ಮೆ ಗಮನಿಸಿ. ಡ್ರೈವರ್ ಲಾರಿ ಮಾಲೀಕರ ಸಂಬಳದವನು, ಆದರೂ ಅವನಿಗೆ ತರಬೇತಿ ಇದೆಯೋ ಇಲ್ಲವೋ ನೋಡುವ ಹೊಣೆ ಸರಕು ಕಳಿಸುವ ಕಾರ್ಖಾನೆಯದೂ ಹೌದು. "ಗಾಡಿ ಬ್ರೋಕರ್ ಕಳಿಸಿದ್ದು, ನಮಗೇನು ಗೊತ್ತು" ಎಂಬ ಮಾತು ನಿಯಮ 131ರ ಮುಂದೆ ನಿಲ್ಲುವುದಿಲ್ಲ.

ಗಾಡಿ ಮಾಲೀಕರ ಕಡೆ ಬನ್ನಿ. ಗಾಡಿ ಆ ಸರಕಿಗೆ ಸುರಕ್ಷಿತವಾಗಿರಬೇಕು. ಕಳಿಸುವವರು ಕೊಟ್ಟ ಮಾಹಿತಿ ಪೂರ್ತಿ, ನಿಖರ ಎಂದು ಮಾಲೀಕರು ತಾವೇ ಖಾತ್ರಿ ಮಾಡಿಕೊಳ್ಳಬೇಕು. ಅದನ್ನು ಚಾಲಕನಿಗೆ ಬರಹದಲ್ಲಿ ಕೊಡಬೇಕು. ಅದೇ ಟ್ರೆಮ್ ಕಾರ್ಡ್. ಚಾಲಕ ಅದನ್ನು ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಬೇಕು. ಬೆಂಕಿ, ಸ್ಫೋಟ, ಸೋರಿಕೆ ಆಗದಂತೆ ನೋಡಿಕೊಳ್ಳಬೇಕು. ನಿಲ್ಲಿಸಿದಾಗಲೂ ಗಾಡಿ ಅವನ ಅಥವಾ 18 ದಾಟಿದ ಇನ್ನೊಬ್ಬ ತಿಳಿದವನ ಕಣ್ಗಾವಲಲ್ಲಿರಬೇಕು. ಡಾಬಾ ಮುಂದೆ ನಿಲ್ಲಿಸಿ ಇಬ್ಬರೂ ಹಾಸಿಗೆ ಹಾಸಿ ಮಲಗುವುದಕ್ಕೆ ಇಲ್ಲಿ ಜಾಗವಿಲ್ಲ. ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೆ ಕೂಡಲೇ ತಿಳಿಸಬೇಕು ಅನ್ನುವುದು 136.

ಅಪಾಯಕಾರಿ ಸರಕು ಸಾಗಿಸಲು ಚಾಲಕನ ಲೈಸೆನ್ಸಿನಲ್ಲಿ ಇರಬೇಕಾದ ನಮೂದಿನ ವಿಷಯ ನಿಯಮ 9ರಲ್ಲಿದೆ. ಭಾರತದ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು, ಮೂರು ದಿನದ ಕೋರ್ಸ್ ಮುಗಿಸಿರಬೇಕು. 2019ರ ತಿದ್ದುಪಡಿಯಾದ ಮೇಲೆ ಈ ಲೈಸೆನ್ಸಿನ ಅವಧಿ ಮೂರು ವರ್ಷ. ನೀವು ಗೇಟಿನಲ್ಲಿ ಇನ್ಶೂರೆನ್ಸ್, ಎಫ್‌ಸಿ ಕೇಳುತ್ತೀರಿ. ಈ ನಮೂದನ್ನೂ ಅದರ ತಾರೀಖನ್ನೂ ಕೇಳುವವರು ಕಡಿಮೆ.

ಈಗ ತಮಾಷೆ ನೋಡಿ. ಈ 129ರಿಂದ 137ರವರೆಗೆ ಓದಿದರೆ ಲೇಬಲ್ ಎಷ್ಟು ಅಗಲ, ಅಕ್ಷರ ಎಷ್ಟು ಎತ್ತರ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಡ್ರಮ್ಮಿಗೆ ಎಷ್ಟು ಬೆಲ್ಟು, ಎಷ್ಟು ಬಿಗಿ ಅನ್ನುವ ಲೆಕ್ಕ ಸಿಗುವುದಿಲ್ಲ. ಗಾಡಿ "ಸುರಕ್ಷಿತ"ವಾಗಿರಬೇಕು ಅನ್ನುವ ಒಂದೇ ಮಾತಿನೊಳಗೆ ಕಟ್ಟು ಅಡಗಿಕೊಂಡಿದೆ. ಅಮೆರಿಕದಲ್ಲಿ ಇದು ಬಿಡಿಸಿ ಬರೆದಿದೆ: ಅಪಾಯಕಾರಿ ಸರಕಿನ ಪ್ಯಾಕೇಜು ಗಾಡಿಯೊಳಗೆ ಜರುಗಬಾರದು, ಒಂದಕ್ಕೊಂದು ಸವೆಯಲೂ ಬಾರದು, ಹೊರಟ ಮೊದಲ 50 ಮೈಲಿಯೊಳಗೆ ಚಾಲಕ ಕಟ್ಟು ನೋಡಬೇಕು, ಆಮೇಲೆ 3 ಗಂಟೆ ಅಥವಾ 150 ಮೈಲಿ, ಯಾವುದು ಮೊದಲೋ ಆಗ. ಒಂದು ರಿಯಾಯಿತಿಯೂ ಇದೆ. ಸೀಲ್ ಹಾಕಿ, ಬಾಗಿಲು ತೆರೆಯಬೇಡ ಅಂತ ಚಾಲಕನಿಗೆ ಹೇಳಿದ್ದರೆ ಈ ತಪಾಸಣೆ ಅವನ ಮೇಲೆ ಬರುವುದಿಲ್ಲ. ನೋಡಲು ಬಿಡದವನ ಮೇಲೆ ನೋಡುವ ಹೊಣೆ ಹೊರಿಸಲಾಗದು. ನಮ್ಮಲ್ಲಿ ಇದನ್ನೆಲ್ಲ ಕಳಿಸುವವರೂ ಸಾಗಿಸುವವರೂ ಒಪ್ಪಂದದಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳುತ್ತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ಕೂಡಿ ಕಳೆಯಲು ಬಂದರೆ ಸಾಕು.

ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಸರಕು ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ ಅಂತ ಹಿಡಿಯಿರಿ. ತಿರುವಿನಲ್ಲಿ ಪಕ್ಕಕ್ಕೆ ಶೇ. 50, ಹಿಂದಕ್ಕೆ ಶೇ. 50. ಯುರೋಪು, ಅಮೆರಿಕ ಎರಡೂ ಕಡೆ ಬಳಸುವ ಅಂಕಿ ಇವೇ. ಒಂದು ಪ್ಯಾಲೆಟ್ (ಸರಕು ಇಡುವ ಮರದ ಹಲಗೆಯ ಚೌಕಟ್ಟು) ಮೇಲೆ ಟಾಲ್ವೀನ್ ಎಂಬ ಸಾಲ್ವೆಂಟಿನ ನಾಲ್ಕು ಡ್ರಮ್ ಇದೆ, ಡ್ರಮ್ಮು ಪ್ಯಾಲೆಟ್ಟು ಸೇರಿ 800 ಕೆಜಿ ಅಂದುಕೊಳ್ಳಿ. ಬ್ರೇಕ್ ಹಾಕಿದರೆ ಮುಂದಕ್ಕೆ ನೂಕುವ ಬಲ 640 ಕೆಜಿ.

ಇದನ್ನು ತಡೆಯುವುದು ಏನು? ಮೊದಲನೆಯದು ನೆಲದ ಹಿಡಿತ. ಲಾರಿಯ ನುಣ್ಣನೆ ಕಬ್ಬಿಣದ ತಳದ ಮೇಲೆ ಮರದ ಪ್ಯಾಲೆಟ್ ಇಟ್ಟರೆ ಹಿಡಿತ ತೂಕದ ಶೇ. 30 ಅನ್ನಿ, ಅಂದರೆ 240 ಕೆಜಿ. ತಳದಲ್ಲಿ ಎಣ್ಣೆ, ಧೂಳು, ಹಳೆಯ ಜೋಳದ ಕಾಳು ಇದ್ದರೆ ಅಷ್ಟೂ ಇಲ್ಲ. 640ರಲ್ಲಿ 240 ಕಳೆದರೆ 400 ಕೆಜಿ ಬಾಕಿ. ಅದನ್ನು ಬೆಲ್ಟು ಹಿಡಿಯಬೇಕು.

ಎಲ್ಲರೂ ಎಡವುವುದು ಇಲ್ಲೇ. ರ‍್ಯಾಚೆಟ್ ಬೆಲ್ಟಿಗೆ, ಅಂದರೆ ಹಿಡಿಕೆ ಒತ್ತಿ ಬಿಗಿಯುವ ಬೆಲ್ಟಿಗೆ, ಹೊಲಿದಿರುವ ನೀಲಿ ಚೀಟಿಯನ್ನು ಹತ್ತಿರ ಹಿಡಿದು ಓದಿ. ಎಲ್‌ಸಿ 2500 ಅಂತ ಒಂದು ಅಂಕಿ ಇರುತ್ತದೆ. ಅದನ್ನು ನೋಡಿ, ಬೆಲ್ಟು ಎರಡೂವರೆ ಟನ್ ಹಿಡಿಯುತ್ತದೆ, 400 ಕೆಜಿ ಯಾವ ಲೆಕ್ಕ ಅನ್ನುತ್ತಾರೆ. ಆ ಅಂಕಿ ನೇರವಾಗಿ ಎಳೆದಾಗ ಬೆಲ್ಟು ಎಷ್ಟು ತಾಳುತ್ತದೆ ಎಂಬುದರದು. ಸರಕಿನ ಮೇಲೆ ಹಾಯಿಸಿ ಕೆಳಕ್ಕೆ ಬಿಗಿದಾಗ ಕೆಲಸಕ್ಕೆ ಬರುವ ಅಂಕಿ ಅದರ ಕೆಳಗೆ ಎಸ್‌ಟಿಎಫ್ ಅಂತ ಇರುತ್ತದೆ. ಸಾಮಾನ್ಯ ಹಿಡಿಕೆಯ ರ‍್ಯಾಚೆಟ್ಟಿನಲ್ಲಿ ಅದು 300, 350ರ ಹತ್ತಿರ. ಕೈಯಿಂದ ಹಿಡಿಕೆ ಒತ್ತಿದರೆ ಬೆಲ್ಟಿನಲ್ಲಿ ಉಳಿಯುವ ಬಿಗಿ ಅಷ್ಟೇ. 350 ಅನ್ನೋಣ. ಬೆಲ್ಟು ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಇಳಿದಿದ್ದರೆ ಎರಡೂ ಬದಿ ಸೇರಿ ಪ್ಯಾಲೆಟ್ಟನ್ನು ಕೆಳಕ್ಕೆ ಅದುಮುವುದು ಸುಮಾರು 600 ಕೆಜಿ. ಆ ಅದುಮುವಿಕೆಯಿಂದ ಹೆಚ್ಚುವ ಹಿಡಿತ ಮತ್ತೆ ಶೇ. 30 ಮಾತ್ರ, ಅಂದರೆ 180 ಕೆಜಿ. 400 ಬೇಕಾದ ಕಡೆ ಒಂದು ಬೆಲ್ಟು ಕೊಡುವುದು 180. ಸ್ವಲ್ಪ ಭದ್ರತೆಯ ಅಂತರ ಇಟ್ಟುಕೊಂಡರೆ ಆ ಒಂದೇ ಪ್ಯಾಲೆಟ್ಟಿಗೆ ಮೂರು ಬೆಲ್ಟು ಬೇಕು.

ಬೆಲ್ಟು ಚಪ್ಪಟೆಯಾಗಿ, ನೆಲಕ್ಕೆ 30 ಡಿಗ್ರಿಯಲ್ಲಿ ಇಳಿದಿದ್ದರೆ ಅದುಮುವುದು 350ಕ್ಕೆ ಇಳಿಯುತ್ತದೆ. ಕುಳ್ಳಗಿನ ಕ್ಯಾನುಗಳನ್ನು ಲಾರಿಯ ಅಗಲಕ್ಕೂ ಹರಡಿ ಮೇಲೊಂದು ಬೆಲ್ಟು ಎಳೆದರೆ ಆಗುವುದು ಇದೇ. ನೋಡಲು ಬಿಗಿಯಾಗಿರುತ್ತದೆ, ಕೆಲಸ ಮಾಡಿರುವುದಿಲ್ಲ.

ಈಗ ಅದೇ ಪ್ಯಾಲೆಟ್ ಕೆಳಗೆ ಹಿಡಿತದ ರಬ್ಬರ್ ಮ್ಯಾಟ್ ಹಾಸಿ. ಹಿಡಿತ ಶೇ. 60ಕ್ಕೆ ಏರುತ್ತದೆ. 800ಕ್ಕೆ 480. ಬಾಕಿ 160. ಒಂದು ಬೆಲ್ಟು ಕೊಡುವ ಹಿಡಿತವೂ ಇಮ್ಮಡಿಯಾಗಿ 360. ಒಂದೇ ಬೆಲ್ಟಿಗೆ ಮುಗಿಯಿತು. ಪ್ಯಾಲೆಟ್ಟು ತಿರುಗದಿರಲಿ ಅಂತ ಎರಡು ಹಾಕಿದರೆ ನೆಮ್ಮದಿ. ಎರಡು ಬೆಲ್ಟಿನ ಕೆಲಸವನ್ನು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು ಮಾಡಿಬಿಡುತ್ತವೆ. ಒಂದು ಮಾತು ಮಾತ್ರ ನೆನಪಿರಲಿ: ಪ್ಯಾಲೆಟ್ಟಿನ ಕಾಲು ಪೂರ್ತಿ ಮ್ಯಾಟಿನ ಮೇಲೇ ಕೂತಿರಬೇಕು. ಒಂದು ಮೂಲೆ ಕಬ್ಬಿಣಕ್ಕೆ ತಾಗಿದರೂ ಲೆಕ್ಕ ಕೆಟ್ಟಿತು. ಹರಿದ ಟೈರಿನ ಟ್ಯೂಬು ಹಾಸಿದರೆ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಅದಕ್ಕೆ ಪೌಡರ್ ಬಳಿದಿರುತ್ತದೆ, ಮೇಲ್ಮೈ ನುಣುಪಾಗಿರುತ್ತದೆ, ಬೇಡ.

ಬೆಲ್ಟಿಗಿಂತಲೂ ನಂಬಿಕೆಯ ಉಪಾಯ ಆಸರೆ ಕೊಡುವುದು. ಸರಕನ್ನು ಮುಂದಿನ ಗೋಡೆಗೆ ಒತ್ತಿ ಕೂರಿಸಿ, ಡ್ರಮ್ಮಿಗೂ ಡ್ರಮ್ಮಿಗೂ ನಡುವೆ ಸಂದು ಬಿಡದೆ, ಹಿಂದೆ ಮರದ ದಿಮ್ಮಿ ಅಡ್ಡ ಹೊಡೆದರೆ ಜರುಗಲು ಜಾಗವೇ ಇರುವುದಿಲ್ಲ. ಮುಂದೆ ಗೇಣು ಜಾಗ ಬಿಟ್ಟರೆ ಬ್ರೇಕಿನಲ್ಲಿ ಡ್ರಮ್ಮು ಆ ಗೇಣು ಓಡಿ, ವೇಗ ಪಡೆದು, ಗೋಡೆಗೆ ಗುದ್ದುತ್ತದೆ. ಆಕ್ಸಲ್ ಮೇಲಿನ ಭಾರ ಹಂಚಲು ಸರಕನ್ನು ಹಿಂದಕ್ಕೆ ಇಡಲೇಬೇಕಾದರೆ ಆ ಜಾಗವನ್ನು ಖಾಲಿ ಪ್ಯಾಲೆಟ್ ನಿಲ್ಲಿಸಿಯಾದರೂ ತುಂಬಿ.

ಡ್ರಮ್ಮಿನ ಅಳತೆಯನ್ನೇ ನೋಡಿ. 200 ಲೀಟರ್ ಡ್ರಮ್ಮಿನ ಅಡ್ಡಳತೆ ಸುಮಾರು 585 ಮಿ.ಮೀ. ಎರಡು ಪಕ್ಕಪಕ್ಕ ಇಟ್ಟರೆ 1170. ನಿಮ್ಮ ಶೆಡ್ಡಿನಲ್ಲಿರುವ ಪ್ಯಾಲೆಟ್ 1200ಕ್ಕೆ 1000 ಆಗಿದ್ದರೆ ಒಂದು ದಿಕ್ಕಿಗೆ 170 ಮಿ.ಮೀ. ಹೊರಗೆ ಚಾಚುತ್ತದೆ. ಬದಿಗೆ 85ರಂತೆ. ಡ್ರಮ್ಮಿನ ಭಾರವೆಲ್ಲ ಕೆಳಗಿನ ಅಂಚಿನ ಬಳೆಯ ಮೇಲೆ. ಆ ಬಳೆಯ ಒಂದು ಭಾಗ ಗಾಳಿಯಲ್ಲಿ, ಇನ್ನೊಂದು ಭಾಗ ಹಲಗೆಯ ತುದಿಯ ಮೇಲೆ. ಶಿರಾದಿಂದ ತುಮಕೂರಿಗೆ ಬರುವಷ್ಟರಲ್ಲಿ ಹಲಗೆ ಬಿರಿಯುತ್ತದೆ, ಡ್ರಮ್ಮು ಓರೆಯಾಗುತ್ತದೆ, ಬೆಲ್ಟು ಸಡಿಲವಾಗುತ್ತದೆ. ಡ್ರಮ್ಮಿಗೆ 1200ಕ್ಕೆ 1200 ಪ್ಯಾಲೆಟ್ಟೇ ಬೇಕು. ಆದರೆ ಅದನ್ನು 20 ಅಡಿ ಕಂಟೇನರಿಗೆ ಜೋಡಿಯಾಗಿ ಇಡಲು ಹೋದರೆ 2400 ಆಯಿತು, ಒಳಗಿನ ಅಗಲ ಸುಮಾರು 2350. ಹಾಗಾಗಿ ಕಂಟೇನರಿನಲ್ಲಿ ಪ್ಯಾಲೆಟ್ ಬಿಟ್ಟು ನೆಲದ ಮೇಲೇ ಇಡುತ್ತಾರೆ. ನಾಲ್ಕು ಡ್ರಮ್ಮು ಅಡ್ಡಕ್ಕೆ 2340, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಹತ್ತು ಸಾಲು, ಒಂದು ಪದರಕ್ಕೆ 40. ಎರಡನೇ ಪದರ ಹಾಕುವುದಾದರೆ ನಡುವೆ ಪ್ಲೈವುಡ್ ಹಾಸಿ, ಇಲ್ಲದಿದ್ದರೆ ಮೇಲಿನ ಬಳೆ ಕೆಳಗಿನ ಬಿರಡೆಯ ಮೇಲೆ ಕೂತು ಬಿರಡೆ ಸೋರುತ್ತದೆ. ಬಿರಡೆ ಯಾವಾಗಲೂ ಮೇಲ್ಮುಖ. ಸಾಗಣೆಯಲ್ಲಿ ಡ್ರಮ್ಮನ್ನು ಮಲಗಿಸಬೇಡಿ.

ಪ್ಯಾಲೆಟ್ಟಿನ ಮೊಳೆ ಸಣ್ಣ ವಿಷಯ ಅನ್ನಿಸುತ್ತದೆ. ತಲೆ ಎತ್ತಿದ ಒಂದು ಮೊಳೆ ಪ್ಲಾಸ್ಟಿಕ್ ಡ್ರಮ್ಮಿನ ತಳವನ್ನು ಅಲುಗಾಟದಲ್ಲಿ ಕೊರೆಯುತ್ತಾ ಹೋಗುತ್ತದೆ. ಅರ್ಧ ದಾರಿಯಲ್ಲಿ ತೂತು. ಅಂಗೈ ಸವರಿ ನೋಡಿ ಅಂತ ಹೇಳಬೇಡಿ ಹುಡುಗರಿಗೆ. ಒಂದು ಹಲಗೆ ಎಳೆದು ನೋಡಲು ಹೇಳಿ, ಕೈ ಉಳಿಯುತ್ತದೆ.

ಡ್ರಮ್ಮಿನ ಮೈಮೇಲೆ ಒತ್ತಿರುವ ಗುರುತನ್ನು ಓದುವ ಅಭ್ಯಾಸ ನಮ್ಮಲ್ಲಿ ಇಲ್ಲವೇ ಇಲ್ಲ. ಯುಎನ್ (ವಿಶ್ವಸಂಸ್ಥೆ) ಗುರುತಿನ ಪಕ್ಕ 1ಎಚ್1/ವೈ1.4/150 ಅಂತ ಇದೆ ಅನ್ನಿ. 1ಎಚ್1 ಅಂದರೆ ಮೇಲ್ಭಾಗ ತೆರೆಯದ ಪ್ಲಾಸ್ಟಿಕ್ ಡ್ರಮ್. 1ಎ1 ಆಗಿದ್ದರೆ ಉಕ್ಕಿನದು. ವೈ ಅಂದರೆ ಮಧ್ಯಮ ಮತ್ತು ಕಡಿಮೆ ಅಪಾಯದ ಗುಂಪಿಗೆ ಆಗುತ್ತದೆ, ಅತಿ ಅಪಾಯದ್ದಕ್ಕೆ ಎಕ್ಸ್ ಬೇಕು. 1.4 ಅಂದರೆ ನೀರಿಗಿಂತ 1.4 ಪಟ್ಟು ಸಾಂದ್ರತೆಯ ದ್ರವದವರೆಗೆ ಪರೀಕ್ಷೆ ಆಗಿದೆ ಅಂತ. ಗಾಢ ಸಲ್ಫ್ಯೂರಿಕ್ ಆಸಿಡ್ಡಿನ ಸಾಂದ್ರತೆ 1.84. ಆ ಡ್ರಮ್ಮಿಗೆ ಆಸಿಡ್ ತುಂಬಿದರೆ, ಎಷ್ಟೇ ಚೆನ್ನಾಗಿ ಕಟ್ಟಿದರೂ, ತಪ್ಪು ತುಂಬುವಾಗಲೇ ಆಗಿಹೋಗಿದೆ. ಈ ತಪ್ಪಿಗೆ ಲಾರಿಯವರು ಹೊಣೆಯಲ್ಲ, ಅದು ಪೂರ್ತಿ ಕಳಿಸುವವರದು. ಗುಜರಿಯಿಂದ ತಂದ ಹಳೆ ಡ್ರಮ್ಮು ಬಳಸುವವರು ತಯಾರಾದ ತಾರೀಖನ್ನೂ ನೋಡಿ. ಅಪಾಯಕಾರಿ ಸರಕಿಗೆ ಪ್ಲಾಸ್ಟಿಕ್ ಡ್ರಮ್ಮಿನ ಆಯುಷ್ಯ ತಯಾರಾದಂದಿನಿಂದ ಐದು ವರ್ಷ. ಕಂಠದವರೆಗೆ ತುಂಬಬೇಡಿ. 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಗ್ಗಿದಾಗಲೂ ಒಳಗೆ ಜಾಗ ಉಳಿದಿರಬೇಕು. ಏಪ್ರಿಲ್ ಬಿಸಿಲಲ್ಲಿ ಟಾರ್ಪಲ್ ಕೆಳಗೆ ಪಾವಗಡದ ಕಡೆ ಹೋಗುವ ಗಾಡಿಯನ್ನು ನೆನೆಸಿಕೊಂಡರೆ ಈ ಅಂಕಿ ಅತಿಯೆನಿಸುವುದಿಲ್ಲ.

ಪ್ಲಾಸ್ಟಿಕ್ ಡ್ರಮ್ಮಿನದು ಇನ್ನೊಂದು ಗುಣ. ಬೆಳಿಗ್ಗೆ ತಂಪಿನಲ್ಲಿ ಬಿಗಿದ ಬೆಲ್ಟು ಮಧ್ಯಾಹ್ನಕ್ಕೆ ಮೆತ್ತಗಾದ ಡ್ರಮ್ಮಿನ ಹೆಗಲನ್ನು ಅದುಮಿ ಒಳಗೆ ಇಳಿದಿರುತ್ತದೆ. ಸಂಜೆ ತಣಿದಾಗ ಬೆಲ್ಟು ಜೋತುಬಿದ್ದಿರುತ್ತದೆ. ಡ್ರಮ್ಮಿನ ತಲೆಯ ಮೇಲೆ ಒಂದು ಹಲಗೆ ಇಟ್ಟು ಅದರ ಮೇಲೆ ಬೆಲ್ಟು ಹಾಯಿಸಿ, ನಾಲ್ಕೂ ಡ್ರಮ್ಮಿಗೆ ಭಾರ ಹಂಚಿಹೋಗುತ್ತದೆ. ಬೆಲ್ಟಿನ ನೂಲನ್ನೂ ಗಮನಿಸಿ. ನೀಲಿ ಚೀಟಿ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ನೈಲಾನನ್ನು ಆಸಿಡ್ ತಿನ್ನುತ್ತದೆ, ಪಾಲಿಯೆಸ್ಟರನ್ನು ಕಾಸ್ಟಿಕ್ ಸೋಡಾ ತಿನ್ನುತ್ತದೆ. ಒಮ್ಮೆ ಕಾಸ್ಟಿಕ್ ಹನಿ ಬಿದ್ದ ಬೆಲ್ಟನ್ನು ತೊಳೆದು ಮತ್ತೆ ಬಳಸುವುದು ಉಳಿತಾಯ ಅಲ್ಲ, ಅದನ್ನು ಕತ್ತರಿಸಿ ಬಿಸಾಡಿ.

ಬೆಲ್ಟು ಕಟ್ಟುವುದು ಎಲ್ಲಿಗೆ? ಲಾರಿ ಬಾಡಿಯ ಹೊರಗೆ ಸಾಲಾಗಿ ಕೊಕ್ಕೆಗಳಿವೆಯಲ್ಲ, ಅವು ಟಾರ್ಪಲ್ ಹಗ್ಗಕ್ಕೆ ಬೆಸೆದವು. ಬಲವಾಗಿ ಎಳೆದರೆ ನೆಟ್ಟಗಾಗುತ್ತವೆ. ಅಪಾಯಕಾರಿ ಸರಕಿಗೆ ಖಾಯಂ ಗಾಡಿ ಇಟ್ಟಿರುವ ಮಾಲೀಕರು ತಳದ ಅಡ್ಡಪಟ್ಟಿಗೆ ಕೂಡಿಸಿದ ಬಳೆಗಳನ್ನು ಬಾಡಿ ಬಿಲ್ಡರ್ ಹತ್ತಿರ ಹಾಕಿಸಿಕೊಳ್ಳಿ. ಇದು ಗಾಡಿ ಮಾಲೀಕರದೇ ಕೆಲಸ. ನಿಯಮ 132ರ "ಸುರಕ್ಷಿತ ಗಾಡಿ"ಗೆ ನಮ್ಮ ಅರ್ಥ ಇಲ್ಲಿಂದ ಶುರುವಾಗುತ್ತದೆ.

ಸಿಲಿಂಡರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. 2016ರ ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ ಸಿಲಿಂಡರು ಗಾಡಿಯ ಅಂಚಿನಿಂದ ಹೊರಗೆ ಚಾಚಬಾರದು, ಅಲುಗದಂತೆ ಕಟ್ಟಿರಬೇಕು, ಎಲ್‌ಪಿಜಿ ಮತ್ತು ಅಸಿಟಿಲೀನ್ ನೆಟ್ಟಗೇ ನಿಂತಿರಬೇಕು. ದ್ವಿಚಕ್ರ ವಾಹನದಲ್ಲಿ ತುಂಬಿದ ಸಿಲಿಂಡರು ನಿಷಿದ್ಧ. ವಾಲ್ವಿನ ಟೋಪಿ ಇಲ್ಲದೆ ಹತ್ತಿಸಬೇಡಿ. ನೀರು ಶುದ್ಧೀಕರಣ ಘಟಕಗಳಿಗೆ ಹೋಗುವ ಕ್ಲೋರಿನ್ ಟನ್ನರಿನಲ್ಲಿ, ಅಂದರೆ ದೊಡ್ಡ ಸಿಲಿಂಡರಿನಲ್ಲಿ, 900 ಕೆಜಿ ಕ್ಲೋರಿನ್ ಇರುತ್ತದೆ. ಅದು ಮಲಗಿ ಹೋಗುವ ವಸ್ತು, ಉರುಳುವುದೇ ಅದರ ಸ್ವಭಾವ. ಅದರ ಅಳತೆಗೆ ಕೊರೆದ ತೊಟ್ಟಿಲು ಬೇಕು. ಎರಡು ಕಲ್ಲು ಅಡ್ಡ ಇಟ್ಟು ಹೊರಡುವುದು ಕಟ್ಟುವ ಲೆಕ್ಕಕ್ಕೆ ಬರುವುದಿಲ್ಲ.

ಕಟ್ಟಿನಷ್ಟೇ ಮುಖ್ಯ, ಜೊತೆಗೆ ಏನು ಇಟ್ಟಿದ್ದೀರಿ ಎಂಬುದು. ಪಾರ್ಸೆಲ್ ಲಾರಿಯಲ್ಲಿ ಹತ್ತು ಪಾರ್ಟಿಯ ಮಾಲು ಸೇರುತ್ತದೆ. ಬ್ಲೀಚಿಂಗ್ ಪೌಡರ್ ಅಥವಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಪಕ್ಕ ಹೈಡ್ರೊಕ್ಲೋರಿಕ್ ಆಸಿಡ್ ಸೋರಿದರೆ ಕ್ಲೋರಿನ್ ಏಳುತ್ತದೆ. ಪ್ಲೇಟಿಂಗ್ ಶೆಡ್ಡಿಗೆ ಹೋಗುವ ಸಯನೈಡ್ ಪಕ್ಕ ಆಸಿಡ್ ಇದ್ದರೆ ಹೈಡ್ರೊಜನ್ ಸಯನೈಡ್. ಡೈಯಿಂಗ್‌ಗೆ ಬಳಸುವ ಹೈಡ್ರೊಸಲ್ಫೈಟ್ ಡಬ್ಬಿಗೆ ತೇವ ತಗುಲಿದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ನೈಟ್ರಿಕ್ ಆಸಿಡ್ ಕೆಳಗೆ ಹುಲ್ಲು ಹಾಸಬೇಡಿ, ಹುಲ್ಲಿಗೇ ಬೆಂಕಿ ಹಿಡಿಯುತ್ತದೆ. ಪ್ರತಿಯೊಬ್ಬ ಪಾರ್ಟಿಗೂ ತನ್ನ ಡಬ್ಬಿ ಮಾತ್ರ ಗೊತ್ತು, ಪಕ್ಕದ್ದು ಗೊತ್ತಿಲ್ಲ. ಎಲ್ಲ ಎಲ್‌ಆರ್‌ಗಳೂ (ಲಾರಿ ರಸೀದಿಗಳೂ) ಒಂದೇ ಮೇಜಿಗೆ ಬರುವುದು ಲಾರಿ ಆಫೀಸಿನಲ್ಲಿ. ಆದ್ದರಿಂದ ಇದು ಸಾಗಣೆದಾರರ ಹೊಣೆ. ಆದರೆ ಎಲ್‌ಆರ್‌ನಲ್ಲಿ "ಕೆಮಿಕಲ್ಸ್, 6 ನಗ" ಅಂತಷ್ಟೇ ಬರೆಸಿದ ಪಾರ್ಟಿ ಆ ಹೊಣೆಯನ್ನು ಅವರು ಹೊರಲಾರದಂತೆ ಮಾಡಿಬಿಟ್ಟಿರುತ್ತಾರೆ.

2007ರ ರಸ್ತೆ ಸಾಗಣೆ ಕಾಯ್ದೆ ಇದಕ್ಕೇ ಗೂಡ್ಸ್ ಫಾರ್ವರ್ಡಿಂಗ್ ನೋಟ್ ಅಂತ ಒಂದು ಕಾಗದ ಇಟ್ಟಿದೆ. ಸರಕು ಅಪಾಯಕಾರಿಯೇ ಅನ್ನುವ ಘೋಷಣೆ ಅದರಲ್ಲಿ ಇರಬೇಕು. ಅದರ ವಿವರ ತಪ್ಪಾಗಿದ್ದು ಸಾಗಣೆದಾರರಿಗೆ ನಷ್ಟವಾದರೆ ಕಳಿಸಿದವರೇ ತುಂಬಿಕೊಡಬೇಕು. ಸಾಗಣೆದಾರರೂ ಹೊರಡುವ ಮುಂಚೆ, ಜೀವಹಾನಿ, ಆಸ್ತಿಹಾನಿಗೆ ಪರಿಹಾರ ಕೊಡುವ ವಿಮೆ ಆ ಸರಕಿಗೆ ಇದೆಯೇ ಅಂತ ಪರಿಶೀಲಿಸಬೇಕು. ಗಾಡಿಯ ಇನ್ಶೂರೆನ್ಸ್ ಬೇರೆ, ಇದು ಬೇರೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಲ್ಲೂ ಅಪಾಯಕಾರಿ ವಸ್ತುವಿನ "ನಿರ್ವಹಣೆ" ಅಂದರೆ ವಾಹನದಲ್ಲಿ ಸಾಗಿಸುವುದೂ ಸೇರಿದೆ. ಪರಿಹಾರ ಕೇಳುವವರು ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ.

ಹೊಣೆ ಎಲ್ಲಿಗೆ ಮುಗಿಯುತ್ತದೆ ಅನ್ನುವುದಕ್ಕೆ ನಮ್ಮ ಇದೇ ರಸ್ತೆಯ ಒಂದು ಪ್ರಕರಣ. ಆಗ ಇದು ಹೆದ್ದಾರಿ 4. 1987ರ ಅಕ್ಟೋಬರ್ 29ರ ಬೆಳಗಿನ ಜಾವ 3 ಗಂಟೆಗೆ ಸಾತಾರಾ ಜಿಲ್ಲೆಯಲ್ಲಿ ಪೆಟ್ರೋಲ್ ಟ್ಯಾಂಕರಿಗೂ ಲಾರಿಗೂ ಡಿಕ್ಕಿಯಾಗಿ ಟ್ಯಾಂಕರ್ ಉರುಳಿತು. ಪೆಟ್ರೋಲ್ ಸೋರುತ್ತಿತ್ತು. ಸುಮಾರು ನಾಲ್ಕು ಗಂಟೆಯ ನಂತರ ಸ್ಫೋಟವಾಯಿತು, ಅಲ್ಲಿ ಸೇರಿದ್ದ ಜನ ಸತ್ತರು. ಗಾಡಿ ಓಡುತ್ತಿರಲಿಲ್ಲ, ಬಿದ್ದಿತ್ತು, ಹಾಗಾಗಿ ಇದು ವಾಹನ ಬಳಕೆಯಿಂದಾದ ಅಪಘಾತವಲ್ಲ ಎಂಬ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಚಕ್ರ ನಿಂತ ಮೇಲೂ ಹೊಣೆ ನಿಲ್ಲಲಿಲ್ಲ.

ಗಾಡಿಯ ಮೇಲಿನ ತುರ್ತು ಮಾಹಿತಿ ಫಲಕಕ್ಕೆ ಬಂದರೆ, ಎರಡು ಪಕ್ಕ ಮತ್ತು ಹಿಂದೆ, ಕನಿಷ್ಠ ಮೂರು ಕಡೆ ಇರಬೇಕು. ಸರಕಿನ ಸರಿಯಾದ ಹೆಸರು 50 ಮಿ.ಮೀ. ಎತ್ತರದ ಅಕ್ಷರದಲ್ಲಿ, ಆ ವಸ್ತುವಿಗೆ ವಿಶ್ವಸಂಸ್ಥೆ ಕೊಟ್ಟಿರುವ ಸಂಖ್ಯೆ 100 ಮಿ.ಮೀ. ಅಂಕಿಯಲ್ಲಿ, 250 ಮಿ.ಮೀ. ಚೌಕದ ಲೇಬಲ್, ತುರ್ತು ಸೇವೆಯ ಮತ್ತು ಕಳಿಸಿದವರ ಫೋನ್ ನಂಬರ್. ನಾವು ಕಾಣುವ ದೋಷ ಎರಡು. ಒಂದು, ಟಾರ್ಪಲ್ ಇಳಿಬಿಟ್ಟು ಪಕ್ಕದ ಎರಡೂ ಫಲಕ ಮುಚ್ಚಿಹೋಗಿರುತ್ತದೆ. ಇನ್ನೊಂದು, ಹೋದ ಟ್ರಿಪ್ಪಿನ ಫಲಕ ಹಾಗೇ ಉಳಿದಿರುತ್ತದೆ. 1789 ಅಂತ ಬರೆದಿದ್ದರೆ ಅಗ್ನಿಶಾಮಕದವರು ಹೈಡ್ರೊಕ್ಲೋರಿಕ್ ಆಸಿಡ್ ಅಂದುಕೊಂಡು ಬರುತ್ತಾರೆ. ಒಳಗೆ ಇರುವುದು 1294, ಟಾಲ್ವೀನ್. ಅವರು ತರುವ ಸಾಮಾನೇ ಬೇರೆ ಆಗಬೇಕಿತ್ತು.

ನಮ್ಮ ಸಲಹೆ ಒಂದು ಹಾಳೆಯದು. ಗೇಟ್ ಪಾಸಿನ ಹಿಂಬದಿಯಲ್ಲೇ ಅಚ್ಚು ಹಾಕಿಸಿ, ಕನ್ನಡದಲ್ಲಿ. ಎಷ್ಟು ಪ್ಯಾಲೆಟ್, ಪ್ಯಾಲೆಟ್ಟಿಗೆ ಎಷ್ಟು ಬೆಲ್ಟು, ಮ್ಯಾಟ್ ಇದೆಯೇ, ಮುಂದಿನ ಗೋಡೆಗೆ ತಾಗಿದೆಯೇ, ಹಿಂದೆ ದಿಮ್ಮಿ ಹೊಡೆದಿದೆಯೇ, ಜೊತೆಗೆ ಬೇರೆ ಏನಿದೆ. ಬೆಲ್ಟು, ಮ್ಯಾಟು ಕಾರ್ಖಾನೆಯದಾದರೆ ವಾಪಸ್ ಬರಬೇಕಾದ ಸಂಖ್ಯೆಯನ್ನೂ ಬರೆಯಿರಿ, ಕಳೆದರೆ ಬಾಡಿಗೆಯಲ್ಲಿ ಹಿಡಿಯಿರಿ. ಲಾರಿಯದಾದರೆ ಬಾಡಿಗೆಯಲ್ಲಿ ಅದಕ್ಕೆ ಬೇರೆ ಸಾಲು ಕೊಡಿ. ಟಾರ್ಪಲ್ ಮುಚ್ಚುವ ಮುಂಚೆ, ಸೀಲ್ ಹಾಕುವ ಮುಂಚೆ, ಹಿಂದಿನ ಬಾಗಿಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ. ಡಿಸ್ಪ್ಯಾಚ್‌ನವರ ಸಹಿ, ಚಾಲಕನ ಸಹಿ. ಎರಡು ಸಹಿ ಇಲ್ಲದೆ ಗೇಟು ತೆಗೆಯಬಾರದು ಅಂತ ಸೆಕ್ಯೂರಿಟಿಯವರಿಗೆ ಹೇಳಿ. ಹೊರಡುವ ಆತುರದಲ್ಲಿರುವ ಇಬ್ಬರನ್ನೂ ತಡೆಯಬಲ್ಲವರು ಅವರೊಬ್ಬರೇ.

ಎರಡು, ಮೂರು ಕಡೆ ಇಳಿಸುವ ಲೋಡಾದರೆ ಹಾಳೆಯಲ್ಲಿ ಇನ್ನೊಂದು ಸಾಲು ಬೇಕು. ತುಂಬಿದ ಲೋಡು ತಾನೇ ತನಗೆ ಆಸರೆ. ಮೊದಲ ಪಾರ್ಟಿಯಲ್ಲಿ ಎಂಟು ಡ್ರಮ್ ಇಳಿಸಿದ ಕೂಡಲೇ ಉಳಿದವುಗಳ ಬೆನ್ನಿಗೆ ಗೋಡೆ ಇಲ್ಲ. ಅಲ್ಲಿ ಮತ್ತೆ ಕಟ್ಟುವುದು ಯಾರು? ಇಳಿಸಿಕೊಂಡವರಿಗೆ ಅದು ಬೇಕಿಲ್ಲ, ಕಳಿಸಿದವರು ಅಲ್ಲಿಲ್ಲ. ಚಾಲಕನೇ ಕಟ್ಟಬೇಕು. ಹಾಗಾದರೆ ಅದಕ್ಕೆ ಬೇಕಾದ ಎರಡು ಹೆಚ್ಚುವರಿ ಬೆಲ್ಟು, ಒಂದು ದಿಮ್ಮಿ ಹೊರಡುವಾಗಲೇ ಗಾಡಿಯಲ್ಲಿ ಇರಬೇಕು.

ಸಭೆಯಲ್ಲಿ ಕೇಳಿದ ಪ್ರಶ್ನೆ: ನಾವು ಕಳಿಸೋದು ಆಸಿಡ್ಡಿನ ಐದಾರು ಕ್ಯಾನು, ಅದೂ ಚಿಕ್ಕ ಗೂಡ್ಸ್ ಆಟೊದಲ್ಲಿ. ನಮಗೂ ಇಷ್ಟೆಲ್ಲ ಬೇಕಾ?

50 ಲೀಟರ್ ಸಲ್ಫ್ಯೂರಿಕ್ ಆಸಿಡ್ ಕ್ಯಾನು 92 ಕೆಜಿ ತೂಗುತ್ತದೆ. ಬ್ರೇಕಿನಲ್ಲಿ ಅದು 70 ಕೆಜಿಗೂ ಮೇಲೆ ಮುಂದಕ್ಕೆ ನೂಕುತ್ತದೆ. ಲಾರಿಯಲ್ಲಾದರೆ ಮುಂದೆ ಗಟ್ಟಿ ಗೋಡೆ ಇರುತ್ತದೆ. ಚಿಕ್ಕ ಗಾಡಿಯಲ್ಲಿ ಡ್ರೈವರಿನ ಬೆನ್ನ ಹಿಂದೆ ಗಾಜು. ಚಿಕ್ಕ ಗಾಡಿಗೇ ಇದು ಹೆಚ್ಚು ಬೇಕು. ಸುಲಭದ ದಾರಿ ಎಂದರೆ ಕಬ್ಬಿಣದ ಪಟ್ಟಿಯಿಂದ ಆರು ಕ್ಯಾನು ಕೂರುವ ಚೌಕಟ್ಟು ಮಾಡಿಸಿ ತಳಕ್ಕೆ ಬೋಲ್ಟ್ ಹಾಕಿಸಿಬಿಡಿ. ಕೆಳಗೆ ಸೋರಿದ್ದನ್ನು ಹಿಡಿಯಲು ಪ್ಲಾಸ್ಟಿಕ್ ತಟ್ಟೆ. ಆಮೇಲೆ ಬೆಲ್ಟು ಒಂದು ಸಾಕು. ಹಿಂದೆ ಯಾರನ್ನೂ ಕೂರಿಸಬೇಡಿ, ದಾರಿಯಲ್ಲಿ ತರಕಾರಿ ಮೂಟೆ ಹಾಕಿಕೊಳ್ಳಬೇಡಿ.

ಒಬ್ಬ ಚಾಲಕರ ಪ್ರಶ್ನೆ: ಸೀಲ್ ಆದ ಮೇಲೆ ನನ್ನ ಕೈಗೆ ಗಾಡಿ ಕೊಡ್ತಾರೆ. ಒಳಗೆ ಹೆಂಗೆ ಕಟ್ಟವ್ರೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು? ಬೇಡ ಅಂದ್ರೆ ಓನರ್ ಬೇರೆ ಡ್ರೈವರ್ ಕಳಿಸ್ತಾರೆ.

ಬೇಡ ಅನ್ನಬೇಡಿ, ಬರೆಯಿರಿ. ಎಲ್‌ಆರ್ ಮೇಲೆ ನಿಮ್ಮ ಸಹಿಯ ಪಕ್ಕ "ಸೀಲ್ ಆದ ಮೇಲೆ ಗಾಡಿ ಪಡೆದೆ, ಒಳಗಿನ ಕಟ್ಟು ನೋಡಿಲ್ಲ" ಅಂತ ಒಂದು ಸಾಲು. ಅದರ ಫೋಟೊ ಓನರಿಗೆ ವಾಟ್ಸಾಪ್ ಮಾಡಿ. ಜಗಳವಿಲ್ಲ, ಕೆಲಸವೂ ಹೋಗುವುದಿಲ್ಲ, ಕಾಗದ ನಿಮ್ಮ ಹತ್ತಿರ ಉಳಿಯುತ್ತದೆ. ಓನರ್‌ಗಳು ಇಲ್ಲೇ ಕೂತಿದ್ದೀರಿ, ಆ ಫೋಟೊ ಬಂದರೆ ಕಂಪನಿಗೆ ಫೋನ್ ಮಾಡಿ ಒಳಗಿನ ಕಟ್ಟಿನ ಫೋಟೊ ತರಿಸಿಕೊಳ್ಳಿ. ಮಾಹಿತಿ ಪೂರ್ತಿ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳುವ ಹೊಣೆ ನಿಯಮದಲ್ಲೇ ನಿಮ್ಮ ಹೆಸರಿಗಿದೆ.

ಸೀಲ್ ಇಲ್ಲದ ಗಾಡಿಯಾದರೆ ದಾರಿಯಲ್ಲಿ ನೋಡುವುದು ನಿಮ್ಮ ಕೆಲಸ. ವಸಂತನರಸಾಪುರದಿಂದ ಮಂಗಳೂರಿಗೆ ಹೊರಟರೆ ಮೊದಲ ನಿಲುಗಡೆ ಕುಣಿಗಲ್. ಅಷ್ಟು ದೂರದ ಕುಲುಕಾಟದಲ್ಲಿ ಸರಕು ಕುಸಿದು ಕೂತಿರುತ್ತದೆ, ಬೆಲ್ಟು ಒಂದೆರಡು ಹಲ್ಲು ಸಡಿಲವಾಗಿರುತ್ತದೆ. ರ‍್ಯಾಚೆಟ್ ಎಳೆದು ಬಿಗಿ ಮಾಡಿ. ಎರಡನೆಯದು ಸಕಲೇಶಪುರ, ಶಿರಾಡಿ ಘಾಟಿ ಇಳಿಯುವ ಮುಂಚೆ. ಕಾಫಿಗೆ ನಿಲ್ಲಿಸುತ್ತೀರಲ್ಲ, ಲೋಟ ಕೈಗೆ ಬರುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬನ್ನಿ. ಬೆಲ್ಟನ್ನು ಬೆರಳಿಂದ ಮಿಡಿಯಿರಿ, ತಂತಿಯ ಹಾಗೆ ಮಿಡಿದರೆ ಸರಿ, ಜೋತಾಡಿದರೆ ಬಿಗಿಯಿರಿ. ತಳದಿಂದ ಏನಾದರೂ ತೊಟ್ಟಿಕ್ಕುತ್ತಿದೆಯೇ ಬಗ್ಗಿ ನೋಡಿ. ತೊಟ್ಟಿಕ್ಕುತ್ತಿದ್ದರೆ ಘಾಟಿಗೆ ಇಳಿಸಬೇಡಿ. ಜನರಿಂದ ದೂರ, ಗಾಳಿ ನಿಮ್ಮ ಬೆನ್ನಿಗಿರುವಂತೆ ನಿಂತು, ಟ್ರೆಮ್ ಕಾರ್ಡ್ ಕೈಯಲ್ಲಿ ಹಿಡಿದು 112ಕ್ಕೆ ಫೋನ್ ಮಾಡಿ, ಕಾರ್ಡಿನಲ್ಲಿರುವ ಹೆಸರು ಮತ್ತು ಸಂಖ್ಯೆಯನ್ನು ಇದ್ದ ಹಾಗೆ ಓದಿ ಹೇಳಿ.